1923ರ ಪರಿಹಾರ ಕಾಯ್ದೆ: ಸತ್ತವನಿಗಿಂತ ಬದುಕುಳಿದವನಿಗೆ ಹೆಚ್ಚು ಹಣ ಯಾಕೆ?

ಹಳೇಗೆಜೆಟ್

1923ರ ವರ್ಕ್‌ಮೆನ್ಸ್ ಕಾಂಪೆನ್ಸೇಷನ್ ಕಾಯ್ದೆಯನ್ನು ತಿದ್ದುಪಡಿಗಳಿಗೆ ಮುಂಚಿನ ಮೂಲ ರೂಪದಲ್ಲಿ ಓದ್ತಾ ಇದ್ದೀನಿ. 4ನೇ ಕಲಮಿಗೆ ಬಂದು ಗಾಡಿ ನಿಂತಿದೆ.

ವಯಸ್ಕ ಕೆಲಸಗಾರ ಅಪಘಾತದಲ್ಲಿ ಸತ್ತರೆ 30 ತಿಂಗಳ ಸಂಬಳ ಅಥವಾ 2,500 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಬದುಕುಳಿದು, ಇನ್ನು ಯಾವ ಕೆಲಸಕ್ಕೂ ಆಗದ ಸ್ಥಿತಿ ಬಂದರೆ 42 ತಿಂಗಳ ಸಂಬಳ ಅಥವಾ 3,500 ರೂಪಾಯಿ, ಅಲ್ಲೂ ಕಡಿಮೆಯದ್ದೇ. 15 ವರ್ಷದೊಳಗಿನ ಹುಡುಗ ಸತ್ತರೆ ಬರೀ 200 ರೂಪಾಯಿ. ಅದೇ ಹುಡುಗ ಪೂರ್ತಿ ಕೈಲಾಗದವನಾದರೆ 84 ತಿಂಗಳ ಸಂಬಳ!

ಸಾವಿಗಿಂತ ಗಾಯಕ್ಕೆ ಬೆಲೆ ಜಾಸ್ತಿ ಅಂದ್ರೆ ಏನರ್ಥ? "ಯಾವುದು ಕಡಿಮೆಯೋ ಅದು" ಅನ್ನೋದು ಯಾರಿಗೆ ಹೊಡೆತ? ಗೊತ್ತಿರೋರು ಬಿಡಿಸಿ ಹೇಳಿ.

ಕಟಕಟೆ

ಕಾಯ್ದೆ ಜೀವಕ್ಕೆ ಬೆಲೆ ಕಟ್ತಾ ಇಲ್ಲ, ನಿಂತುಹೋದ ಸಂಪಾದನೆಗೆ ಕಟ್ತಾ ಇದೆ. ಸತ್ತವನ ಹೊಟ್ಟೆ ತುಂಬಿಸಬೇಕಿಲ್ಲ, ಅವನನ್ನು ನಂಬಿದವರದ್ದು ಮಾತ್ರ ತುಂಬಬೇಕು. ಹಾಸಿಗೆ ಹಿಡಿದವನಾದರೆ ಅವನನ್ನೂ ಸಾಕಬೇಕು, ಅವನ ಹೆಂಡತಿ ಮಕ್ಕಳನ್ನೂ ಸಾಕಬೇಕು. ಅದಕ್ಕೇ 30ರ ಬದಲು 42. ಹುಡುಗನ ವಿಷಯದಲ್ಲೂ ಇದೇ ತರ್ಕ. ಅವನನ್ನು ನಂಬಿದವರು ಯಾರೂ ಇಲ್ಲ ಅಂತ ಹಿಡಿದು ಸಾವಿಗೆ 200. ಬದುಕಿದರೆ ಇಡೀ ಆಯುಷ್ಯ ಮುಂದಿದೆ, ಈಗಿನ ಸಂಬಳವೋ ಚಿಲ್ಲರೆ, ಅದಕ್ಕೆ 42ರ ಎರಡರಷ್ಟು.

ಮನುಷ್ಯತ್ವದ ತರ್ಕ ಅಂತ ನಾನು ಹೇಳ್ತಿಲ್ಲ. ಲೆಕ್ಕದ ತರ್ಕ ಅಷ್ಟೆ.

ಗಿರಣಿಭೋಂಗಾ

ಹುಡುಗನ್ನ ನಂಬಿದವ್ರು ಯಾರೂ ಇಲ್ಲಂತ? ಅವನ ಪಗಾರಾ ಮನೀಗೆ ಬೇಡಾಗಿದ್ರ ಹನ್ನೆರಡು ವರ್ಷದ ಹುಡುಗನ್ನ ಗಿರಣಿಗೆ ಯಾಕ ಕಳಸ್ತಿದ್ರು ರೀ? ಬಾಯಿಗೆ ಬಂದಂಗ ಬರದಾರ ಕಾಯ್ದೇ.

ಲೆಕ್ಕದಮೇಷ್ಟ್ರು

"ಯಾವುದು ಕಡಿಮೆಯೋ ಅದು" ಬಗ್ಗೆ. 2,500ನ್ನು 30ರಿಂದ ಭಾಗಿಸಿ, 3,500ನ್ನು 42ರಿಂದ ಭಾಗಿಸಿ. ಎರಡರಲ್ಲೂ 83 ರೂಪಾಯಿ 5 ಆಣೆ 4 ಪೈ ಬರುತ್ತೆ (ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ). ಅಂದರೆ ತಿಂಗಳಿಗೆ 83 ರೂಪಾಯಿ ಚಿಲ್ಲರೆ ದಾಟಿದವನಿಗೆ ಮಾತ್ರ ಈ ಮಿತಿ ತಗಲುತ್ತೆ. 100 ರೂಪಾಯಿಯ ಫಿಟ್ಟರ್ ಸತ್ತರೆ ಲೆಕ್ಕ 3,000ಕ್ಕೆ ಹೋಗುತ್ತೆ, ಕೈಗೆ ಬರೋದು 2,500. ಸಾಮಾನ್ಯ ನೇಕಾರ, ಹಮಾಲಿ, ಟ್ರಾಲಿ ತಳ್ಳೋನು ಆ ಮಿತಿಯ ಹತ್ತಿರಕ್ಕೂ ಬರ್ತಿರಲಿಲ್ಲ.

ಬಡವನಿಗೆ ಹೊಡೆತ ಬಿದ್ದದ್ದು ಇನ್ನೊಂದು ಕಡೆ: ಮೇಲೆ ಮಿತಿ ಇತ್ತು, ಕೆಳಗೆ ಆಧಾರ ಇರಲಿಲ್ಲ. 8 ರೂಪಾಯಿಯವನು ಸತ್ತರೆ 30 × 8, ಅಂದರೆ 240. ಒಂದು ಜೀವ, 240 ರೂಪಾಯಿ.

ಎರಡನೇಶಿಫ್ಟ್

ಬೆರಳು, ಕೈ, ಕಾಲು ಹೋದರೆ ಇಷ್ಟಿಷ್ಟು ಪರ್ಸೆಂಟ್ ಅಂತ ಒಂದು ಪಟ್ಟಿ ಇತ್ತಲ್ವಾ? ಅದೂ ಇದೇ ಕಾಯ್ದೇದಾ?

ಲೆಕ್ಕದಮೇಷ್ಟ್ರು

ಹೌದು, ಒಂದನೇ ಶೆಡ್ಯೂಲ್. 42 ತಿಂಗಳ ಮೊತ್ತವನ್ನು ನೂರು ಅಂತ ಇಟ್ಟುಕೊಂಡು ಅದರಲ್ಲಿ ಪಾಲು. 20 ರೂಪಾಯಿ ಸಂಬಳದವನಿಗೆ ಆ ನೂರು ಅಂದರೆ 840 ರೂಪಾಯಿ. ಈಗ ನೋಡಿ:

ಬಲಗೈ ಮೊಣಕೈಯಲ್ಲಿ ಅಥವಾ ಅದರ ಮೇಲೆ ತುಂಡಾದರೆ 70, ಅಂದರೆ 588 ರೂಪಾಯಿ. ಎಡಗೈ ಅದೇ ಜಾಗದಲ್ಲಿ ಹೋದರೆ 60, ಅಂದರೆ 504. ಮೊಣಕೈ ಕೆಳಗಾದರೆ ಬಲಕ್ಕೆ 60, ಎಡಕ್ಕೆ 50. ಕಾಲು ಮಂಡಿಯಲ್ಲಿ ಅಥವಾ ಮೇಲೆ ಹೋದರೆ 60, ಮಂಡಿ ಕೆಳಗೆ 50. ಎರಡೂ ಕಿವಿ ಪೂರ್ತಿ ಕೇಳದಾದರೆ 50. ಒಂದು ಕಣ್ಣು 30, ಅಂದರೆ 252 ರೂಪಾಯಿ. ಹೆಬ್ಬೆರಳು 25, ಅಂದರೆ 210. ಒಂದು ಪಾದದ ಎಲ್ಲ ಬೆರಳು 20. ಹೆಬ್ಬೆರಳಿನ ಒಂದು ಗೆಣ್ಣು ಮಾತ್ರ ಹೋದರೆ 10. ತೋರುಬೆರಳು 10, ಅಂದರೆ 84. ಮಿಕ್ಕ ಯಾವ ಬೆರಳಾದರೂ 5, ಅಂದರೆ 42 ರೂಪಾಯಿ.

ನೇಕಾರನಿಗೆ ನಡುಬೆರಳು ಹೋದರೆ ಎರಡು ತಿಂಗಳ ಸಂಬಳಕ್ಕಿಂತ ತುಸು ಹೆಚ್ಚು. ಎಳೆ ಕಡಿದರೆ ಗಂಟು ಹಾಕೋ ಕೈ ಅದು.

ಅಡ್ಡಮಾತು

ಕಟುಕನ ಅಂಗಡಿ ರೇಟ್ ಬೋರ್ಡ್ ಇದ್ದ ಹಾಗಿದೆ.

ಕಟಕಟೆ

@ಅಡ್ಡಮಾತು ಹಾಗೆ ಕಾಣುತ್ತೆ, ನಿಜ. ಆದರೆ ಬೋರ್ಡ್ ಇದ್ದದ್ದೇ ಕೆಲಸಗಾರನಿಗೆ ಅನುಕೂಲ. ಪಟ್ಟಿಯಲ್ಲಿ ಇದ್ದ ಗಾಯಕ್ಕೆ ವಾದವೇ ಇಲ್ಲ, ಡಾಕ್ಟರ್ ಸರ್ಟಿಫಿಕೇಟ್ ಇಟ್ಟು ಗುಣಾಕಾರ ಮಾಡಿದರೆ ಮುಗೀತು. ಪಟ್ಟಿಯಲ್ಲಿ ಇಲ್ಲದ ಗಾಯಕ್ಕೆ ಪಾಡು ಶುರು: ಸೊಂಟ ಹಿಡಿದದ್ದು, ಭುಜ ಎತ್ತಲಾಗದ್ದು. "ಸಂಪಾದಿಸುವ ಶಕ್ತಿ ಎಷ್ಟು ಕುಗ್ಗಿದೆ" ಅಂತ ರುಜುವಾತು ಮಾಡಬೇಕು. ಮಾಲೀಕರ ಡಾಕ್ಟರ್ ಒಂದು ಹೇಳ್ತಾನೆ, ಇವನ ಡಾಕ್ಟರ್ ಇನ್ನೊಂದು. ಇವನಿಗೆ ಡಾಕ್ಟರೇ ಸಿಗದಿದ್ದರೆ ಮೊದಲನೆಯವನ ಮಾತೇ ಕಡೆಯ ಮಾತು.

ಇನ್ನೊಂದು ವಿಷಯ ಜನ ಮರೆಯೋದು. 1923ಕ್ಕೆ ಮುಂಚೆ ಏನಿತ್ತು? 1855ರ ಫೇಟಲ್ ಆಕ್ಸಿಡೆಂಟ್ಸ್ ಕಾಯ್ದೆ ಹಿಡಿದು ಸಿವಿಲ್ ಕೋರ್ಟಿಗೆ ಹೋಗಿ, ಮಾಲೀಕನ ತಪ್ಪು ಸಾಬೀತು ಮಾಡಬೇಕಿತ್ತು. "ಪಕ್ಕದ ಕೆಲಸಗಾರನ ತಪ್ಪಿನಿಂದ ಆಯ್ತು, ನನ್ನದೇನಿಲ್ಲ" ಅಂತ ಮಾಲೀಕ ಕೈ ತೊಳ್ಕೋಬಹುದಿತ್ತು. ಹೊಸ ಕಾಯ್ದೆ ತಪ್ಪು ಯಾರದು ಅಂತ ಕೇಳೋದೇ ಬಿಡ್ತು. ಅಪಘಾತ ಕೆಲಸದ ಅವಧಿಯಲ್ಲಿ ಆಯ್ತಾ, ಕೆಲಸದ ಕಾರಣದಿಂದ ಆಯ್ತಾ, ಎರಡೇ ಪ್ರಶ್ನೆ. 1924ರ ಜುಲೈ 1ರಿಂದ ಜಾರಿ. ಬ್ರಿಟನ್ 1897ರಲ್ಲಿ, ಜರ್ಮನಿ 1884ರಲ್ಲಿ ಇಟ್ಟ ಹೆಜ್ಜೆ, ನಾವು ತಡವಾಗಿ ಇಟ್ಟೆವು.

ಎರಡನೇಶಿಫ್ಟ್

ಅಂದ್ರೆ ತಪ್ಪು ಕೆಲಸಗಾರನದ್ದೇ ಆಗಿದ್ರೂ ದುಡ್ಡು ಬರ್ತಿತ್ತಾ?

ಕಟಕಟೆ

ಬರೀ ಅಜಾಗರೂಕತೆ ಆದರೆ ಬರ್ತಿತ್ತು. ಮೂರು ಸಂದರ್ಭದಲ್ಲಿ ಇಲ್ಲ: ಕುಡಿದು ಅಮಲಿನಲ್ಲಿದ್ದರೆ, ಸುರಕ್ಷತೆಗೆ ಅಂತ ಸ್ಪಷ್ಟವಾಗಿ ಹೇಳಿದ ಆದೇಶವನ್ನು ಬೇಕಂತಲೇ ಮೀರಿದರೆ, ಯಂತ್ರದ ಗಾರ್ಡನ್ನು, ಅಂದರೆ ಕೈ ಸಿಕ್ಕದ ಹಾಗೆ ಹಾಕಿದ ತಡೆಯನ್ನು, ಗೊತ್ತಿದ್ದೇ ತೆಗೆದಿದ್ದರೆ. ಮಾಲೀಕರೆಲ್ಲ ಓಡಿ ಬರ್ತಿದ್ದದ್ದು ಮೂರನೆಯದಕ್ಕೆ. ಗಾರ್ಡ್ ಹಾಕಿದರೆ ಉತ್ಪಾದನೆ ನಿಧಾನ, ಜಾಬರ್ (ಗಿರಣಿ ಮೇಸ್ತ್ರಿ) ಬೈತಾನೆ, ಹುಡುಗ ಗಾರ್ಡ್ ತೆಗೀತಾನೆ. ಕೈ ಹೋದಮೇಲೆ "ನಾವು ಹೇಳಿದ್ವಿ, ಅವನು ಕೇಳಲಿಲ್ಲ".

1933ರ ತಿದ್ದುಪಡಿ ಇದಕ್ಕೆ ಒಂದು ತಡೆ ಹಾಕ್ತು. ಅಪಘಾತದಿಂದ ಸಾವೇ ಆಗಿದ್ದರೆ ಈ ಮೂರೂ ನೆಪ ನಡೆಯಲ್ಲ. ಸತ್ತವನು ಬಂದು ಸಾಕ್ಷಿ ಹೇಳಲಾರ, ಅವನ ಹೆಂಡತಿ ಎಲ್ಲಿಂದ ಸಾಕ್ಷಿ ತರ್ತಾಳೆ?

ಹೆಂಚಿನಮಾಡು

ಸಣ್ಣ ಗಾಯಕ್ಕೆ ಮೊದಲ ಏಳು ದಿನ ಏನೂ ಇಲ್ಲ ಅಂತ ಇತ್ತಲ್ಲ, ಅದನ್ನೂ ಹೇಳಿ ಮಾರಾಯ್ರೆ.

ಲೆಕ್ಕದಮೇಷ್ಟ್ರು

ಏಳಲ್ಲ, ಮೂಲದಲ್ಲಿ ಹತ್ತು ದಿನ. ಏಳಾದದ್ದು 1933ರ ತಿದ್ದುಪಡಿಯಲ್ಲಿ, ಮೂರಾದದ್ದು ಸ್ವಾತಂತ್ರ್ಯ ಬಂದಮೇಲೆ.

ಹತ್ತು ದಿನದ ನಿಯಮ ಹೇಗೆ ಕೆಲಸ ಮಾಡ್ತಿತ್ತು ಅಂತ 20 ರೂಪಾಯಿಯವನನ್ನೇ ಇಟ್ಕೊಂಡು ನೋಡೋಣ. ಕಾಲಿಗೆ ಪೆಟ್ಟಾಗಿ 26 ದಿನ ಮನೇಲಿದ್ದ ಅಂತಿಟ್ಟುಕೊಳ್ಳಿ. ಮೊದಲ 10 ದಿನಕ್ಕೆ ಸೊನ್ನೆ. ಅದಾದ 16ನೇ ದಿನಕ್ಕೆ ಮೊದಲ ಅರ್ಧ ತಿಂಗಳ ಕಂತು. ಕಂತು ಅಂದರೆ ತಿಂಗಳ ಸಂಬಳದ ಕಾಲು ಭಾಗ ಅಥವಾ 15 ರೂಪಾಯಿ, ಯಾವುದು ಕಡಿಮೆಯೋ ಅದು. ಇವನಿಗೆ 5 ರೂಪಾಯಿ. 26 ದಿನ ದುಡಿದಿದ್ದರೆ ಬರ್ತಿದ್ದದ್ದು ಹೆಚ್ಚುಕಡಿಮೆ 17 ರೂಪಾಯಿ. ಈ ಕಂತು ಹೆಚ್ಚೆಂದರೆ ಐದು ವರ್ಷ ನಡೀತಿತ್ತು.

ಗಿರಣಿಭೋಂಗಾ

ಅದಕ್ಕ ಮಂದಿ ಹತ್ತನೇ ದಿನಕ್ಕ ಕುಂಟಕೋತ ಕೆಲಸಕ್ಕ ಬರ್ತಿದ್ರು. ಬಡ್ಡಿಯಾಂವ ಬಾಗಲಾ ಕಾಯ್ತಿರ್ತಾನ.

ಕಟಕಟೆ

ಸಾಲದ ಮಾತು ಬಂದದ್ದು ಒಳ್ಳೇದಾಯ್ತು. ಈ ಕಾಯ್ದೆ ಬರೆದವರಿಗೆ ಅದು ಚೆನ್ನಾಗಿ ಗೊತ್ತಿತ್ತು. 9ನೇ ಕಲಂ: ಪರಿಹಾರದ ಹಣವನ್ನು ಯಾರಿಗೂ ಬರೆದುಕೊಡೋ ಹಾಗಿಲ್ಲ, ಅಡ ಇಡೋ ಹಾಗಿಲ್ಲ, ಕೋರ್ಟ್ ಜಪ್ತಿ ಮಾಡೋ ಹಾಗಿಲ್ಲ. 8ನೇ ಕಲಂ ಇನ್ನೂ ಬಿಗಿ: ಸಾವಿನ ಪ್ರಕರಣದಲ್ಲಿ ಮಾಲೀಕ ದುಡ್ಡನ್ನು ವಿಧವೆಯ ಕೈಗೆ ನೇರ ಕೊಡೋ ಹಾಗೇ ಇಲ್ಲ. ಈ ಕಾಯ್ದೆಯಡಿ ನೇಮಕವಾದ ಕಮಿಷನರ್ ಹತ್ತಿರ ಠೇವಣಿ ಇಡಬೇಕು. ನೇರ ಕೊಟ್ಟರೆ ಅದು ಪರಿಹಾರ ಕೊಟ್ಟ ಹಾಗೆ ಲೆಕ್ಕಕ್ಕೇ ಬರಲ್ಲ. ಯಾರಿಗೆ ಎಷ್ಟು ಅಂತ ಕಮಿಷನರ್ ಹಂಚ್ತಾನೆ, ಹೆಣ್ಣುಮಕ್ಕಳ ಪಾಲನ್ನು ಅವರ ಹೆಸರಿನಲ್ಲಿ ಹೂಡಿಕೆ ಮಾಡಿಸಬಹುದು.

ಯಾಕೆ ಅಂದರೆ, 50 ರೂಪಾಯಿ ಕೈಗಿಟ್ಟು, "ಪೂರ್ತಿ ಮುಟ್ಟಿದೆ" ಅಂತ ಹೆಬ್ಬೆಟ್ಟು ಒತ್ತಿಸಿಕೊಳ್ಳೋ ಆಟಕ್ಕೆ ಬಾಗಿಲು ಮುಚ್ಚಬೇಕಿತ್ತು. 17ನೇ ಕಲಂ ಸಹ ಇದೇ ಕೆಲಸ ಮಾಡುತ್ತೆ, "ನನಗೆ ಪರಿಹಾರ ಬೇಡ" ಅಂತ ಕೆಲಸಕ್ಕೆ ಸೇರುವಾಗ ಬರೆಸಿಕೊಂಡ ಕರಾರು ಬರೀ ಕಾಗದ.

ಹಳೇಗೆಜೆಟ್

ಇಷ್ಟೆಲ್ಲ ಭದ್ರ ಇದ್ದಮೇಲೆ ಎಲ್ಲಿ ಸೋರಿಹೋಗ್ತಿತ್ತು?

ಕಟಕಟೆ

11ನೇ ಕಲಂನಲ್ಲಿ. ಯಾರೂ ಗಮನಿಸದ ಜಾಗ. ಅಪಘಾತದ ನೋಟಿಸ್ ಮುಟ್ಟಿದ ಮೂರು ದಿನದೊಳಗೆ ಮಾಲೀಕ ಪುಕ್ಕಟೆ ವೈದ್ಯ ಪರೀಕ್ಷೆಗೆ ಕರೆದರೆ ಹೋಗಲೇಬೇಕು. ಹೋಗದಿದ್ದರೆ ಹಕ್ಕು ಅಮಾನತು. ಆ ಅವಧಿ ಮುಗಿಯೋ ಮುಂಚೆ ಪರೀಕ್ಷೆ ಮಾಡಿಸಿಕೊಳ್ಳದೆ ಕೆಲಸದ ಊರು ಬಿಟ್ಟು ಹೋದರೂ ಅಮಾನತು, ವಾಪಸ್ ಬಂದು ಮೈ ತೋರಿಸೋ ತನಕ.

ಕೈ ಮುರಿದವನು ಏನು ಮಾಡ್ತಾನೆ? ಮುಂಬೈ ಚಾಳಿನಲ್ಲಿ, ಅಂದರೆ ಕೂಲಿಕಾರರ ವಠಾರದಲ್ಲಿ, ನೋಡಿಕೊಳ್ಳೋರು ಇಲ್ಲ, ಊರಿಗೆ ಹೋಗ್ತಾನೆ. ರತ್ನಾಗಿರಿಗೋ, ಇನ್ನೆಲ್ಲಿಗೋ. ಅಲ್ಲಿಂದ ಮತ್ತೆ ಮುಂಬೈಗೆ ಬಂದು ಡಾಕ್ಟರ್ ಮುಂದೆ ನಿಲ್ಲಲು ಅವನಿಗೆ ದುಡ್ಡೆಲ್ಲಿ? ಕ್ಲೇಮಿಗೆ ಇದ್ದ ಗಡುವು ಬೇರೆ ಆರು ತಿಂಗಳು. ಹಕ್ಕು ಹೋಗಲಿಲ್ಲ, ಆದರೆ ಕೈಗೂ ಬರಲಿಲ್ಲ.

ಎರಡನೇ ಸೋರಿಕೆ: ವಿಮೆ ಕಡ್ಡಾಯ ಇರಲಿಲ್ಲ. ದೊಡ್ಡ ಗಿರಣಿಗಳು ತಾವಾಗೇ ಪಾಲಿಸಿ ಮಾಡಿಸಿಕೊಂಡವು. ಸಣ್ಣ ಕಂಟ್ರಾಕ್ಟರ್ ಪಾಪರ್ ಆದರೆ? ಕಂಟ್ರಾಕ್ಟರ್ ಕೆಳಗಿನ ಕೂಲಿಗೆ ಮೂಲ ಮಾಲೀಕನೇ ಹೊಣೆ ಅಂತ 12ನೇ ಕಲಂ ಹೇಳುತ್ತೆ, ಆದರೆ ಆ ಕೆಲಸ ಅವನ ವ್ಯಾಪಾರದ ಭಾಗ ಆಗಿರಬೇಕು. ಮೂರನೆಯದು, ಹೊಲದ ಕೂಲಿಗೆ ಕಾಯ್ದೆಯೇ ಇರಲಿಲ್ಲ. ದೇಶದ ಬಹುಪಾಲು ದುಡಿಯೋರು ಅಲ್ಲೇ ಹೊರಗೆ.

ಸಯನೈಡ್‌ದಿಬ್ಬ

ಕಾಯಿಲೆ ಬಗ್ಗೆ ಯಾರೂ ಮಾತಾಡ್ಲಿಲ್ಲ. ಮೂರನೇ ಶೆಡ್ಯೂಲ್‌ನಲ್ಲಿ ಉಣ್ಣೆ, ಚರ್ಮ ಮುಟ್ಟೋರಿಗೆ ಆಂಥ್ರಾಕ್ಸ್ ಇತ್ತು, ಸೀಸದ ವಿಷ ಇತ್ತು, ರಂಜಕದ ವಿಷ ಇತ್ತು. ಸೀಸ, ರಂಜಕಕ್ಕೆ ಒಬ್ಬನೇ ಮಾಲೀಕನ ಹತ್ತಿರ ಆರು ತಿಂಗಳು ಸತತ ದುಡಿದಿರಬೇಕು ಅಂತ ಷರತ್ತು. ಗಣಿ ಧೂಳಿನ ಸಿಲಿಕೋಸಿಸ್ ಇರ್ಲಿಲ್ಲ. ಕಲ್ಲು ಕೊರೆಯೋನ ಶ್ವಾಸಕೋಶ ಹತ್ತು ವರ್ಷ ತಗೊಂಡು ಸಾಯುತ್ತೆ. ಕಾಯ್ದೆಗೆ ಬೇಕಾಗಿದ್ದು ತಾರೀಕು, ಗಂಟೆ ಇರೋ ಅಪಘಾತ.

ಹೆಂಚಿನಮಾಡು

ಗಣಿ ಅಂದ್ರಿ, ಆದ್ರೆ ಕೆಜಿಎಫ್ (ಕೋಲಾರದ ಚಿನ್ನದ ಗಣಿ) ಮೈಸೂರು ಸಂಸ್ಥಾನದಲ್ಲಿ ಇದ್ದದ್ದಲ್ವಾ, ಅಲ್ಲಿಗೆ ಈ ಕಾಯ್ದೆ ಹೇಗೆ ಬರ್ತದೆ?

ಸಯನೈಡ್‌ದಿಬ್ಬ

ತಾನಾಗಿ ಬರ್ತಿರ್ಲಿಲ್ಲ, ಸರಿ. ದಿಲ್ಲಿಯ ಶಾಸನ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ, ಸಂಸ್ಥಾನ ತನ್ನದೇ ಕಾನೂನು ಮಾಡ್ಕೋಬೇಕು. ಹಾಗಾಗಿ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್, ಗೋಕಾಕ ಮಿಲ್, ಮಂಗಳೂರು ಹೆಂಚಿನ ಕಾರ್ಖಾನೆ ಒಂದು ಕಡೆ. ಬೆಂಗಳೂರು ಮಿಲ್‌ಗಳು, ಕೋಲಾರದ ಗಣಿ ಇನ್ನೊಂದು ಕಡೆ. ಈಗ ಒಂದೇ ರಾಜ್ಯ, ಆಗ ಬೆರಳಿಗೆ ಬೇರೆ ಬೇರೆ ಕಾನೂನು. ಕೆಜಿಎಫ್‌ನವರು 1930ರಲ್ಲಿ ದೊಡ್ಡ ಮುಷ್ಕರ ಹೂಡಿದ್ದೂ ಬೆರಳಿನ ವಿಷಯಕ್ಕೇ, ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸ್ಕೋಬೇಕು ಅನ್ನೋದರ ವಿರುದ್ಧ.

ಅಡ್ಡಮಾತು

ಇದೆಲ್ಲ ಬ್ರಿಟಿಷರ ದೊಡ್ಡ ಮನಸ್ಸಿಂದ ಆಯ್ತಾ? ಇಲ್ಲ ಜಿನೀವಾದ ಐಎಲ್‌ಓ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಒತ್ತಡಾನಾ?

ಹಳೇಗೆಜೆಟ್

ಎರಡೂ ಅಲ್ಲ ಅನ್ಸುತ್ತೆ. ಐಎಲ್‌ಓ ಪಾತ್ರ ಇದೆ. 1919ರಲ್ಲಿ ವಾಷಿಂಗ್ಟನ್ ಸಮ್ಮೇಳನ ಲೋಕಕ್ಕೆಲ್ಲ ದಿನಕ್ಕೆ 8 ಗಂಟೆ, ವಾರಕ್ಕೆ 48 ಅಂತು, ಭಾರತಕ್ಕೆ ವಾರಕ್ಕೆ 60 ಅಂತ ಬೇರೆ ಗೆರೆ ಎಳೀತು. ಅದರಂತೆ 1922ರಲ್ಲಿ ಫ್ಯಾಕ್ಟರಿ ಕಾಯ್ದೆ ತಿದ್ದುಪಡಿ ಆಗಿ ವಾರಕ್ಕೆ 60, ದಿನಕ್ಕೆ 11 ಗಂಟೆ ಮಿತಿ ಬಂತು. ಅದು 54ಕ್ಕೆ ಇಳಿದದ್ದು 1934ರ ಕಾಯ್ದೆಯಲ್ಲಿ, ಅದೂ ವರ್ಷವಿಡೀ ನಡೆಯೋ ಕಾರ್ಖಾನೆಗೆ ಮಾತ್ರ. ಹತ್ತಿ ಜಿನ್ನಿಂಗ್‌ನಂಥ ಹಂಗಾಮಿ ಕಾರ್ಖಾನೆಗೆ 60 ಹಾಗೇ ಉಳೀತು. ಆದರೆ ಬೀದಿಯಲ್ಲಿ ಮುಷ್ಕರ ಆಗದೆ ಇದ್ದಿದ್ದರೆ ಜಿನೀವಾದ ಕಾಗದ ಕಪಾಟಿನಲ್ಲೇ ಇರ್ತಿತ್ತು.

ಗಿರಣಿಭೋಂಗಾ

ಮುಷ್ಕರ ಅಂದ್ರ ಮದ್ರಾಸಿನ ಬಿನ್ನಿ ಗಿರಣೀದು ಹೇಳ್ರಿ. ಅದರಿಂದನ 1926ರ ಟ್ರೇಡ್ ಯೂನಿಯನ್ ಕಾಯ್ದೇ ಬಂದು ಸಂಘಕ್ಕ ಮಾನ್ಯತೆ ಸಿಕ್ತು.

ಕಟಕಟೆ

ಅರ್ಧ ಸರಿ, ಅರ್ಧ ತಪ್ಪು. ಬಿನ್ನಿಯ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ ಪ್ರಕರಣ ನಿಜ. 1918ರ ಏಪ್ರಿಲ್‌ನಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಮಿಲ್‌ಗೆ ಬೀಗ ಬಿದ್ದಾಗ ಕಂಪನಿ ಹೈಕೋರ್ಟಿಗೆ ಹೋಗಿ ಸಂಘದ ಅಧ್ಯಕ್ಷ ಬಿ.ಪಿ. ವಾಡಿಯಾ ಮತ್ತಿತರರ ಮೇಲೆ ತಡೆಯಾಜ್ಞೆ ತಂತು, ನಷ್ಟ ಪರಿಹಾರವನ್ನೂ ಕೇಳ್ತು. ಕೆಲಸ ನಿಲ್ಲಿಸಿ ಅಂತ ಹೇಳಿದರೆ ಸಂಘದ ಮುಖಂಡನ ಮನೆ ಮಾರಬೇಕಾಗುತ್ತೆ ಅನ್ನೋದು ಆಗ ಎಲ್ಲರಿಗೂ ಅರ್ಥ ಆಯ್ತು. 1921ರಲ್ಲಿ ಕಾರ್ಮಿಕ ಮುಖಂಡ ಎನ್.ಎಂ. ಜೋಶಿ, ಸಂಘಗಳ ನೋಂದಣಿಗೂ ರಕ್ಷಣೆಗೂ ಕಾನೂನು ಬೇಕು ಅಂತ ಶಾಸನಸಭೆಯಲ್ಲಿ ಠರಾವು ತಂದರು.

ಆದರೆ 1926ರ ಕಾಯ್ದೆ ಕೊಟ್ಟದ್ದು ನೋಂದಣಿ, ಮಾನ್ಯತೆ ಅಲ್ಲ. ಏಳು ಜನ ಸದಸ್ಯರು ಅರ್ಜಿಗೆ ಸಹಿ ಹಾಕಿದರೆ ನೋಂದಣಿ. ನೋಂದಣಿ ಆದರೆ 17ನೇ ಕಲಂನಲ್ಲಿ ಒಳಸಂಚಿನ ಕ್ರಿಮಿನಲ್ ಕೇಸಿನಿಂದ ರಕ್ಷಣೆ, 18ರಲ್ಲಿ ಸಿವಿಲ್ ದಾವೆಯಿಂದ ರಕ್ಷಣೆ. ಮಾಲೀಕ ಸಂಘದ ಜೊತೆ ಕೂತು ಮಾತಾಡಲೇಬೇಕು ಅಂತ ಎಲ್ಲೂ ಇರಲಿಲ್ಲ. ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿಕೊಂಡು ಗೇಟಿನ ಹೊರಗೇ ನಿಂತ ಸಂಘಗಳು ಬೇಕಾದಷ್ಟು.

ಗಿರಣಿಭೋಂಗಾ

ಒಪ್ಪಿದ್ನಿರಿ. ನೋಂದಣಿ ಅಂತ ಓದ್ಕೊಳ್ರಿ.

ಎರಡನೇಶಿಫ್ಟ್

ದಂಡ ಹಾಕಿ ಸಂಬಳ ಮುರಿಯೋದಕ್ಕೆ ಯಾವಾಗ ಕಡಿವಾಣ ಬಿತ್ತು? ಬಟ್ಟೆ ಸ್ವಲ್ಪ ಕೆಟ್ಟರೆ ನೇಕಾರನ ತಲೆಗೇ ಕಟ್ತಿದ್ರಂತೆ.

ಲೆಕ್ಕದಮೇಷ್ಟ್ರು

1936ರ ಪೇಮೆಂಟ್ ಆಫ್ ವೇಜಸ್ ಕಾಯ್ದೆ. ಜಾರಿ 1937ರ ಮಾರ್ಚ್ 28. ತಿಂಗಳಿಗೆ 200 ರೂಪಾಯಿಗಿಂತ ಕಡಿಮೆ ಇದ್ದವರಿಗೆ. ಸಾವಿರಕ್ಕಿಂತ ಕಡಿಮೆ ಜನ ಇರೋ ಕಡೆ ಅವಧಿ ಮುಗಿದ ಏಳನೇ ದಿನದೊಳಗೆ ಸಂಬಳ, ಉಳಿದೆಡೆ ಹತ್ತನೇ ದಿನದೊಳಗೆ. ಕೆಲಸದಿಂದ ತೆಗೆದರೆ ಎರಡನೇ ಕೆಲಸದ ದಿನದೊಳಗೆ. ನಾಣ್ಯ ಅಥವಾ ನೋಟು, ಸಾಮಾನು ಕೊಟ್ಟು ಸರಿಮಾಡೋದು ಇಲ್ಲ.

ದಂಡ ರೂಪಾಯಿಗೆ ಅರ್ಧ ಆಣೆ ದಾಟಬಾರದು. ನಮ್ಮ 20 ರೂಪಾಯಿಯವನಿಗೆ ತಿಂಗಳಿಗೆ ಹೆಚ್ಚೆಂದರೆ 10 ಆಣೆ. 60 ದಿನದೊಳಗೆ ವಸೂಲಾಗದಿದ್ದರೆ ಬಿಟ್ಟಹಾಗೆ. ರಿಜಿಸ್ಟರಿನಲ್ಲಿ ಬರೀಬೇಕು, ಆ ಹಣ ಕೆಲಸಗಾರರ ಉಪಯೋಗಕ್ಕೇ ಹೋಗಬೇಕು. 15 ವರ್ಷದೊಳಗಿನವರಿಗೆ ದಂಡವೇ ಇಲ್ಲ.

ಆದರೆ 9ನೇ ಕಲಂನಲ್ಲಿ ಒಂದು ಮುಳ್ಳು: ಹತ್ತು ಅಥವಾ ಹೆಚ್ಚು ಜನ ಮಾತಾಡಿಕೊಂಡು ನೋಟಿಸ್ ಇಲ್ಲದೆ ಗೈರಾದರೆ ಎಂಟು ದಿನದ ಸಂಬಳದವರೆಗೂ ಹಿಡಿಯಬಹುದು. ಒಬ್ಬನಿಗೆ ಹಾಕೋ ದಂಡ ಆಣೆ ಲೆಕ್ಕದಲ್ಲಿ, ಹತ್ತು ಜನ ಸೇರಿದರೆ ದಿನಗಳ ಲೆಕ್ಕದಲ್ಲಿ.

ಹೆಂಚಿನಮಾಡು

ಹೆಂಗಸರ ವಿಷಯ ಬರ್ಲೇ ಇಲ್ಲ. ಮುಂಬೈ ಪ್ರಾಂತ್ಯದ 1929ರ ಹೆರಿಗೆ ಭತ್ಯೆ ಕಾಯ್ದೆ, ದಿನಕ್ಕೆ 8 ಆಣೆ. ಮಸೂದೆ ತಂದದ್ದು ಆಸವಲೆ, ಮುಂಬೈ ಕೌನ್ಸಿಲ್‌ನಲ್ಲಿ ಅಂಬೇಡ್ಕರ್ ಬೆಂಬಲಿಸಿ ಮಾತಾಡಿದ್ದರು. ಒಳ್ಳೆಯದೇ. ಆದರೆ ದುಡ್ಡು ಪೂರ್ತಿ ಆ ಒಬ್ಬ ಮಾಲೀಕನ ಕಿಸೆಯಿಂದ ಹೋಗ್ಬೇಕು. ಹಾಗಾದ್ರೆ ಮದುವೆ ಆದವಳನ್ನು ಕೆಲಸಕ್ಕೆ ಇಟ್ಟುಕೊಳ್ಳೋದೇ ಬೇಡ, ಹೊಟ್ಟೆ ಕಂಡ್ರೆ ಮೊದಲೇ ಬಿಡಿಸುವಾ ಅಂತ ಯೋಚನೆ ಬರ್ತದೆ. ವಿಮೆ ಇದ್ದಿದ್ರೆ ಹೊರೆ ಎಲ್ಲರ ಮೇಲೆ ಹಂಚಿಹೋಗ್ತಿತ್ತು.

ಹಳೇಗೆಜೆಟ್

ಭಾರತದ ಕಾರ್ಮಿಕರ ಸ್ಥಿತಿ ನೋಡಲು ನೇಮಿಸಿದ್ದ ವಿಟ್ಲಿ ಕಮಿಷನ್ 1931ರ ವರದಿಯಲ್ಲಿ ಕಾಯಿಲೆ ವಿಮೆಯ ಮಾತು ಎತ್ತಿತ್ತು. ಜರ್ಮನಿ 1927ರಲ್ಲಿ ನಿರುದ್ಯೋಗ ವಿಮೆ ತಂತು, ಅಮೆರಿಕ 1935ರಲ್ಲಿ ಸೋಷಿಯಲ್ ಸೆಕ್ಯುರಿಟಿ ತಂತು, ನಮ್ಮಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾಯ್ದೆ ಆಗಲು 1948 ಬೇಕಾಯ್ತು. ಅಲ್ಲೀವರೆಗೆ ಎಲ್ಲ ಭಾರ "ಮಾಲೀಕನೇ ಕೊಡಲಿ" ಅನ್ನೋದರ ಮೇಲೆ.

ಲೆಕ್ಕದಮೇಷ್ಟ್ರು

ಮೂಲ ಪ್ರಶ್ನೆಗೆ ವಾಪಸ್ ಬರ್ತೀನಿ, ಒಂದು ಬಾಕಿ ಇದೆ. 1933ರ ತಿದ್ದುಪಡಿಯಲ್ಲಿ ತಿಂಗಳುಗಳ ಗುಣಾಕಾರ ಬಿಟ್ಟು ಸಂಬಳದ ದರ್ಜೆವಾರು ಕೋಷ್ಟಕ ಬಂತು. 10 ರೂಪಾಯಿವರೆಗಿನವರಿಗೆ ಸಾವಿಗೆ 500, ಪೂರ್ಣ ಅಂಗವೈಕಲ್ಯಕ್ಕೆ 700. ಆ 8 ರೂಪಾಯಿಯವನ 240 ಒಂದೇ ಏಟಿಗೆ 500 ಆಯ್ತು. ಅವನ ಅರ್ಧ ತಿಂಗಳ ಕಂತು ಸಂಬಳದ ಅರ್ಧ, ಅಂದರೆ ಮೊದಲ ಏಳು ದಿನ ಬಿಟ್ಟರೆ ಮನೇಲಿದ್ದಷ್ಟು ದಿನವೂ ಪೂರ್ತಿ ಪಗಾರ. 18ರಿಂದ 21 ರೂಪಾಯಿ ದರ್ಜೆಗೆ 630 ಮತ್ತು 882, ಕಂತು 7. ತುತ್ತತುದಿಯಲ್ಲಿ 200 ದಾಟಿದವರಿಗೆ 4,000 ಮತ್ತು 5,600.

ಈಗ ಭಾಗಾಕಾರ ಮಾಡಿ. 500ಕ್ಕೆ 700, 630ಕ್ಕೆ 882, 4,000ಕ್ಕೆ 5,600. ಎಲ್ಲೆಡೆ ಐದಕ್ಕೆ ಏಳು. ಹಳೇ 30ಕ್ಕೆ 42 ಸಹ ಐದಕ್ಕೆ ಏಳೇ. ಬೇರೆ ಎಲ್ಲ ಬದಲಾಯಿಸಿದರು, ಸತ್ತವನಿಗೂ ಬದುಕಿದವನಿಗೂ ಇಟ್ಟ ಆ ಅಂತರ ಮಾತ್ರ ಮುಟ್ಟಲಿಲ್ಲ.

ಹಳೇಗೆಜೆಟ್

ಇದು ಗಮನಿಸಿರಲಿಲ್ಲ! ಇನ್ನೊಂದು. ಒಂದೇ ಅಪಘಾತದಲ್ಲಿ ಕಾಲೂ ಹೆಬ್ಬೆರಳೂ ಹೋದರೆ ಕೂಡಿಸಬೇಕಾ?

ಲೆಕ್ಕದಮೇಷ್ಟ್ರು

ಕೂಡಿಸಬೇಕು. ಮಂಡಿ ಮೇಲೆ ಕಾಲು 60, ಹೆಬ್ಬೆರಳು 25, ಒಟ್ಟು 85. ಹಳೇ ಲೆಕ್ಕದಲ್ಲಿ 840ಕ್ಕೆ 714. ಎಷ್ಟೇ ಕೂಡಿಸಿದರೂ ಪೂರ್ಣ ಮೊತ್ತ ದಾಟೋ ಹಾಗಿಲ್ಲ.

ಅಡ್ಡಮಾತು

ಎಡಚ ಆಗಿದ್ರೆ? ಎಡಗೈಗೆ 70 ಕೊಡ್ತಿದ್ರಾ?

ಕಟಕಟೆ

ಪಟ್ಟಿಯಲ್ಲಿ ಬಲ, ಎಡ ಅಂತ ಮಾತ್ರ ಇದೆ. ಎಡಚನಿಗೆ ಅಂತ ಸಾಲು ಇಲ್ಲ.